ವೃದ್ಧಾಪ್ಯದಲ್ಲಿ ದೇಹಶ್ರಮ ಮತ್ತು ಸ್ಮೃತಿರಕ್ಷಣೆ

(ವಾಳೂಜ್ ಪರಿಸರದ ಕನ್ನಡ ಬಾಂಧವರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಪರಿಚಿತರ ಹೆಸರಿಗಾಗಿ ತಡವರಿಸಿದರೆ ಈ ಗಾದೆಯನ್ನು ನೆನೆದು, ನಕ್ಕು ಸುಮ್ಮನಾಗುತ್ತೇವೆ. ಆ ನಗುವಿನ ಹಿಂದೆ ಎರಡು ತಪ್ಪು ತಿಳಿವಳಿಕೆಗಳು ಅಡಗಿವೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ ಎಂಬುದು ಮೊದಲನೆಯದು. ಸಹಜವಾದುದರಿಂದ ಅದಕ್ಕೆ ಮಾಡಬಹುದಾದದ್ದು ಏನೂ ಇಲ್ಲ ಎಂಬುದು ಎರಡನೆಯದು. ಇವೆರಡೂ ಪೂರ್ಣ ಸತ್ಯವಲ್ಲವೆಂದು ಇಂದಿನ ವೈದ್ಯವಿಜ್ಞಾನ ಹೇಳುತ್ತದೆ. ಅದರಲ್ಲಿಯೂ ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಇವುಗಳಿಂದ ಬಳಲುವ ಹಿರಿಯರ ವಿಷಯದಲ್ಲಿ ದೇಹಶ್ರಮಕ್ಕೂ ಸ್ಮೃತಿಗೂ ಇರುವ ಸಂಬಂಧವನ್ನು ತಮ್ಮ ಮುಂದಿಡುವುದು ನನಗೆ ವಹಿಸಿದ ಕಾರ್ಯ. ಇರುವುದನ್ನು ಇರುವಷ್ಟೇ ಹೇಳುತ್ತೇನೆ. ನಡೆದರೆ ಸಾಕು, ಮರೆವು ಬಾರದೆಂದು ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಈ ಊರಿಗೇಕೆ ಈ ವಿಷಯ?

ಮರಾಠವಾಡ ಮತ್ತು ಕನ್ನಡ ನಾಡಿನ ಈಶಾನ್ಯ ಭಾಗಗಳ ನಂಟು ಹೊಸದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅಂದಿನ ಔರಂಗಾಬಾದ ಜಿಲ್ಲೆಯೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು. ಭಾಷಾವಾರು ಪ್ರಾಂತ ರಚನೆಯಾದಾಗ ಗಡಿಗಳು ಬದಲಾದವು. ಉದ್ಯೋಗಕ್ಕಾಗಿ ಜನರು ಹೋಗಿಬರುವುದು ನಿಲ್ಲಲಿಲ್ಲ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1985ರಲ್ಲಿ ಬಜಾಜ್ ಆಟೋ ಕಾರ್ಖಾನೆ ವಾಳೂಜಿನಲ್ಲಿ ಉತ್ಪಾದನೆ ಆರಂಭಿಸಿತು. ಅದರ ಸುತ್ತ ಬಿಡಿಭಾಗಗಳನ್ನು ತಯಾರಿಸುವ ಸಣ್ಣಪುಟ್ಟ ಉದ್ಯಮಗಳು ಬೆಳೆದವು. ಹೊಲಗಳ ನಡುವಿನ ಒಂದು ಗ್ರಾಮ, ಬಜಾಜನಗರ ಮೊದಲಾದ ವಸತಿಗಳಿಂದ ಕೂಡಿದ ದೊಡ್ಡ ಔದ್ಯೋಗಿಕ ನೆಲೆಯಾಯಿತು.

ಅಂದು ಇಪ್ಪತ್ತೈದರ ಹರೆಯದಲ್ಲಿ ಇಂಥ ಕಾರ್ಖಾನೆಗಳ ಬಾಗಿಲು ಪ್ರವೇಶಿಸಿದವರು ಇಂದು ಅರವತ್ತೈದನ್ನು ದಾಟಿದ್ದಾರೆ. ಅವರ ದೇಹ ಮೂರು ದಶಕಗಳ ಕಾಲ ಪಾಳಿಯ ಗಂಟೆಗೆ ಎದ್ದಿತು, ಯಂತ್ರದ ಮುಂದೆ ನಿಂತಿತು, ಭಾರ ಎತ್ತಿತು, ಸೈಕಲ್ ತುಳಿಯಿತು. ನಿವೃತ್ತಿಯ ಮರುದಿನದಿಂದ ಅದೇ ದೇಹ ಕುರ್ಚಿಗೆ ಅಂಟಿಕೊಂಡಿತು. ಊಟದ ಪ್ರಮಾಣ ಮಾತ್ರ ಪಾಳಿಯ ದಿನಗಳದ್ದೇ ಉಳಿಯಿತು. ಕಾರ್ಖಾನೆಯ ಕಡೆಯಿಂದ ನಡೆಯುತ್ತಿದ್ದ ನಿಯಮಿತ ಆರೋಗ್ಯ ತಪಾಸಣೆಯೂ ನಿಂತುಹೋಯಿತು. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ ವೃದ್ಧರು. ರಕ್ತದಲ್ಲಿ ಸಕ್ಕರೆ ಏರುವುದಕ್ಕೂ ಮನಸ್ಸು ಮಂಕಾಗುವುದಕ್ಕೂ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇರೊಂದಿಲ್ಲ.

ತಾಯಂದಿರ ಸ್ಥಿತಿಯೂ ಇದಕ್ಕೆ ಹೊರತಲ್ಲ. ನಮ್ಮ ಅಜ್ಜಿಯರು ಬಾವಿಯಿಂದ ನೀರು ಸೇದಿದರು, ಬೀಸುವ ಕಲ್ಲಿನಲ್ಲಿ ಹಿಟ್ಟು ಬೀಸಿದರು, ಒರಳಿನಲ್ಲಿ ರುಬ್ಬಿದರು, ಒನಕೆ ಹಿಡಿದು ಕುಟ್ಟಿದರು. ಇಂದು ಆ ಎಲ್ಲವನ್ನೂ ವಿದ್ಯುತ್ತು ಮಾಡುತ್ತದೆ. ‘ನಾನು ದಿನವಿಡೀ ಅಡಿಗೆಮನೆಯಲ್ಲಿ ನಿಂತೇ ಇರುತ್ತೇನೆ, ನನಗೇಕೆ ವ್ಯಾಯಾಮ’ ಎಂದು ಕೇಳುವ ತಾಯಂದಿರಿದ್ದಾರೆ. ನಿಲ್ಲುವುದರಿಂದ ಕಾಲು ದಣಿಯುತ್ತದೆ ನಿಜ. ಆದರೆ ಹೃದಯದ ಬಡಿತ ಏರುವುದಿಲ್ಲ, ಮಾಂಸಖಂಡಗಳು ಬಲಿಯುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ಚಯಾಪಚಯದ ಏರುಪೇರು ಮತ್ತು ಮೆದುಳು

ಉಂಡ ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವ, ಉಳಿದುದನ್ನು ಸಂಗ್ರಹಿಸುವ ದೇಹದ ವ್ಯವಹಾರಕ್ಕೆ ಚಯಾಪಚಯ ಎಂದು ಹೆಸರು. ಇದು ಕೆಟ್ಟಿದೆಯೇ ಎಂದು ತಿಳಿಯಲು ವೈದ್ಯರು ಐದು ಲಕ್ಷಣಗಳನ್ನು ನೋಡುತ್ತಾರೆ. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವುದು. ರಕ್ತದೊತ್ತಡ 130/85 ಅಥವಾ ಮೇಲ್ಪಟ್ಟಿರುವುದು. ಬರಿಹೊಟ್ಟೆಯ ಸಕ್ಕರೆ 100 ಮಿಲಿಗ್ರಾಂ ಮುಟ್ಟುವುದು. ಟ್ರೈಗ್ಲಿಸರೈಡ್ ಎಂಬ ಕೊಬ್ಬು 150 ಅಥವಾ ಹೆಚ್ಚಿರುವುದು. ಒಳ್ಳೆಯ ಕೊಲೆಸ್ಟರಾಲ್ ಪುರುಷರಲ್ಲಿ 40, ಸ್ತ್ರೀಯರಲ್ಲಿ 50ಕ್ಕಿಂತ ಕಡಿಮೆಯಾಗುವುದು. ಈ ಐದರಲ್ಲಿ ಮೂರು ಕೂಡಿದರೆ ಅದನ್ನು ಚಯಾಪಚಯ ರೋಗಲಕ್ಷಣಕೂಟ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇದರ ಹರವು ಗಾಬರಿ ಹುಟ್ಟಿಸುವಂತಹದು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಮತ್ತೊಂದೆಡೆ, ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯ ಅಥವಾ ಮರೆಗುಳಿತನದ ಕಾಯಿಲೆ ಇದೆಯೆಂದು 2023ರಲ್ಲಿಯೇ ಪ್ರಕಟವಾದ ಇನ್ನೊಂದು ಅಧ್ಯಯನ ಅಂದಾಜು ಮಾಡಿತು. ಈ ಎರಡು ಪ್ರವಾಹಗಳು ಬೇರೆ ಬೇರೆಯಲ್ಲ. ಮಧುಮೇಹವುಳ್ಳವರಿಗೆ ಮರೆಗುಳಿತನ ಬರುವ ಸಂಭವ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಇದಕ್ಕೆ ಕಾರಣವೇನು? ಮೆದುಳಿನ ತೂಕ ದೇಹದ ನೂರರಲ್ಲಿ ಎರಡು ಭಾಗ ಮಾತ್ರ; ಅದು ಬಳಸುವ ಪ್ರಾಣವಾಯು ನೂರರಲ್ಲಿ ಇಪ್ಪತ್ತು ಭಾಗ. ಇಷ್ಟೊಂದು ಬೇಡಿಕೆಯುಳ್ಳ ಅಂಗಕ್ಕೆ ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳು ಆಹಾರ ಒದಗಿಸಬೇಕು. ಬಹುಕಾಲ ಏರಿದ ಸಕ್ಕರೆ ಮತ್ತು ಒತ್ತಡಗಳು ಆ ನಾಳಗಳ ಗೋಡೆಯನ್ನು ದಪ್ಪಗಾಗಿಸಿ, ಪೆಡಸಾಗಿಸುತ್ತವೆ. ಮಧುಮೇಹಿಗಳ ಕಣ್ಣಿನ ಪರದೆ ಮತ್ತು ಮೂತ್ರಪಿಂಡಗಳಲ್ಲಿ ನಡೆಯುವ ಹಾನಿಯೇ ಮೆದುಳಿನಲ್ಲಿಯೂ ಸದ್ದಿಲ್ಲದೆ ನಡೆಯುತ್ತದೆ. ಜೊತೆಗೆ ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಿರುವ ಸ್ಥಿತಿ ಮೆದುಳಿನ ಕೋಶಗಳ ಕಾರ್ಯಕ್ಕೂ ಅಡ್ಡಿಯಾಗುತ್ತದೆ. ಫಲವಾಗಿ ಮೊದಲು ಯೋಚನೆಯ ವೇಗ ತಗ್ಗುತ್ತದೆ. ಎರಡು ಕೆಲಸಗಳನ್ನು ಒಟ್ಟಿಗೆ ನಿರ್ವಹಿಸುವುದು, ಲೆಕ್ಕ ಇಡುವುದು ಕಷ್ಟವಾಗುತ್ತದೆ.

ಇಲ್ಲಿ ಒಂದು ವಿಷಚಕ್ರವಿದೆ. ಸಕ್ಕರೆಯ ರೋಗ ನೆನಪನ್ನು ಕೆಡಿಸುತ್ತದೆ. ಕೆಟ್ಟ ನೆನಪು ಸಕ್ಕರೆಯ ಚಿಕಿತ್ಸೆಯನ್ನು ಕೆಡಿಸುತ್ತದೆ. ಬೆಳಗಿನ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಸಂಶಯದಲ್ಲಿ ಇನ್ನೊಮ್ಮೆ ನುಂಗಿದ ಹಿರಿಯರಿಗೆ ಮಧ್ಯಾಹ್ನದ ಹೊತ್ತಿಗೆ ಬೆವರು ಬಂದು ಪ್ರಜ್ಞೆ ತಪ್ಪಬಹುದು. ಇಂಥ ತೀವ್ರವಾದ ಸಕ್ಕರೆಯ ಕುಸಿತ ಮತ್ತೆ ಮತ್ತೆ ಆದವರಲ್ಲಿ ಮರೆಗುಳಿತನದ ಸಂಭವ ಇನ್ನಷ್ಟು ಹೆಚ್ಚು ಕಂಡುಬಂದಿದೆ. ಆದ್ದರಿಂದ ನೆನಪಿನ ವಿಷಯ ನಗೆಯ ವಿಷಯವಲ್ಲ, ಜೀವದ ವಿಷಯ.

ಶ್ರಮದಿಂದ ಆಗುವುದೇನು?

ನಡೆಯುವಾಗ, ಮೆಟ್ಟಿಲೇರುವಾಗ ತೊಡೆಯ ಮಾಂಸಖಂಡಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವೇ ಸೆಳೆದುಕೊಳ್ಳುತ್ತವೆ. ಆ ಹೊತ್ತಿಗೆ ಅವುಗಳಿಗೆ ಇನ್ಸುಲಿನ್ನಿನ ಅಪ್ಪಣೆ ಅಷ್ಟಾಗಿ ಬೇಕಾಗುವುದಿಲ್ಲ. ಊಟವಾದ ಬಳಿಕ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಸಕ್ಕರೆಯ ಏರಿಕೆ ತಗ್ಗುವುದು ಇದೇ ಕಾರಣದಿಂದ. ರಕ್ತನಾಳಗಳು ಹಿಗ್ಗುವ ಗುಣವನ್ನು ಉಳಿಸಿಕೊಳ್ಳುತ್ತವೆ, ರಕ್ತದೊತ್ತಡ ಇಳಿಯುತ್ತದೆ, ನಿದ್ರೆ ಸುಧಾರಿಸುತ್ತದೆ. ಮೆದುಳಿನ ಕೋಶಗಳನ್ನು ಪೋಷಿಸುವ ಕೆಲವು ದ್ರವ್ಯಗಳ ಉತ್ಪತ್ತಿಯೂ ಹೆಚ್ಚುತ್ತದೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದು ವರ್ಷ ಕ್ರಮವಾಗಿ ನಡೆದವರ ಮೆದುಳಿನಲ್ಲಿ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಸುಮಾರು ನೂರಕ್ಕೆ ಎರಡರಷ್ಟು ಹಿಗ್ಗಿತ್ತು. ಬರಿಯ ಮೈಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ನೂರಕ್ಕೆ 1.4ರಷ್ಟು ಕುಗ್ಗಿತ್ತು.

ಇಷ್ಟು ಕೇಳಿ ಸಂಶಯವೇ ಇಲ್ಲವೆಂದು ತಾವು ಭಾವಿಸಬಾರದು. ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಅಮೆರಿಕದಲ್ಲಿಯೇ 70ರಿಂದ 89 ವಯಸ್ಸಿನ, ಕುಳಿತೇ ಕಾಲ ಕಳೆಯುತ್ತಿದ್ದ 1,635 ಜನರನ್ನು ಎರಡು ವರ್ಷ ಗಮನಿಸಿದ ‘ಲೈಫ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅರ್ಧ ಜನರಿಗೆ ನಡಿಗೆ ಮತ್ತು ಬಲವರ್ಧನೆಯ ವ್ಯಾಯಾಮ, ಇನ್ನರ್ಧ ಜನರಿಗೆ ಆರೋಗ್ಯದ ಕುರಿತ ಪಾಠ. ವ್ಯಾಯಾಮ ಮಾಡಿದವರಲ್ಲಿ ಓಡಾಟದ ಶಕ್ತಿ ಕಳೆದುಕೊಂಡವರ ಸಂಖ್ಯೆ ಕಡಿಮೆಯಾಯಿತು. ಆದರೆ ನೆನಪು ಮತ್ತು ಗ್ರಹಣಶಕ್ತಿಯ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ನಡುವೆ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. ನಮ್ಮ ವಿಷಯಕ್ಕೆ ಮಹತ್ತ್ವದ ಅಂಶವೊಂದು ಅದರ ಬೆನ್ನಿಗೆ ಬಂದಿತು. ಅದೇ ಪ್ರಯೋಗದ ಮಧುಮೇಹಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿದಾಗ, ವ್ಯಾಯಾಮ ಮಾಡಿದ ಮಧುಮೇಹಿಗಳ ಒಟ್ಟು ಗ್ರಹಣಶಕ್ತಿ ಮತ್ತು ಸ್ವಲ್ಪ ಹೊತ್ತಿನ ನಂತರ ನೆನೆಯುವ ಶಕ್ತಿ ಉತ್ತಮವಾಗಿದ್ದವು. ಒಂದು ಗುಂಪಿನೊಳಗಿನ ಉಪಗುಂಪಿನ ಫಲಿತಾಂಶವನ್ನು ಅಂತಿಮ ತೀರ್ಪೆಂದು ಸ್ವೀಕರಿಸಲಾಗದು. ಆದರೂ ಹೆಚ್ಚು ಅಪಾಯವಿರುವವರಿಗೇ ಹೆಚ್ಚು ಲಾಭವಿರಬಹುದೆಂಬ ಸೂಚನೆ ಅದರಲ್ಲಿದೆ.

ಶ್ರಮವೊಂದನ್ನೇ ನೆಚ್ಚದೆ ಹಲವು ಉಪಾಯಗಳನ್ನು ಕೂಡಿಸಿದಾಗ ಫಲ ಇನ್ನೂ ಸ್ಪಷ್ಟ. ಫಿನ್‌ಲ್ಯಾಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರ ಮೇಲೆ ನಡೆದ ‘ಫಿಂಗರ್’ ಪ್ರಯೋಗದಲ್ಲಿ ಆಹಾರ, ವ್ಯಾಯಾಮ, ಬುದ್ಧಿಗೆ ಅಭ್ಯಾಸ, ರಕ್ತದೊತ್ತಡ ಸಕ್ಕರೆಗಳ ನಿಗಾ ಈ ನಾಲ್ಕನ್ನೂ ಕೂಡಿಸಲಾಯಿತು. ಎರಡು ವರ್ಷಗಳ ನಂತರ ಈ ಗುಂಪಿನ ಸುಧಾರಣೆ ಸಾಮಾನ್ಯ ಸಲಹೆ ಪಡೆದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತು. 2015ರ ಈ ವರದಿ ಲೋಕದ ಕಣ್ಣು ತೆರೆಸಿತು. ಇದೇ ಮಾದರಿಯಲ್ಲಿ ಅಮೆರಿಕದ 2,111 ಹಿರಿಯರ ಮೇಲೆ ನಡೆದ ‘ಪಾಯಿಂಟರ್’ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂದಿತು. ಅದರಲ್ಲಿ ಒಂದು ಗುಂಪಿಗೆ ಎರಡು ವರ್ಷಗಳಲ್ಲಿ 38 ಸಭೆಗಳು, ಕಟ್ಟುನಿಟ್ಟಾದ ಕ್ರಮ. ಇನ್ನೊಂದಕ್ಕೆ ಆರೇ ಸಭೆಗಳು, ಉಳಿದುದು ಅವರವರ ಇಷ್ಟ. ಎರಡೂ ಗುಂಪುಗಳ ಗ್ರಹಣಶಕ್ತಿ ಸುಧಾರಿಸಿತು. ಮೇಲಿಂದ ಮೇಲೆ ಒಟ್ಟುಗೂಡಿದ ಮೊದಲ ಗುಂಪಿನಲ್ಲಿ ಹೆಚ್ಚು ಸುಧಾರಿಸಿತು. ಕೂಡಿ ಮಾಡುವುದಕ್ಕೆ ಬೆಲೆಯುಂಟೆಂಬುದನ್ನು ಇದರಿಂದ ಗ್ರಹಿಸಬಹುದು.

ಕರ್ನಾಟಕದಲ್ಲಿಯೂ ಇಂಥ ಅಧ್ಯಯನ ನಡೆದಿದೆಯೆಂಬುದು ನಮಗೆ ಅಭಿಮಾನದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡಿದೆ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಮೆದುಳಿನ ಚಿತ್ರ ಇವೆಲ್ಲವೂ ಅದರಲ್ಲಿ ಸೇರಿವೆ. ಹಳ್ಳಿಯ ರೈತನ ಮೆದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಉತ್ತರ ಫಿನ್‌ಲ್ಯಾಂಡಿನಿಂದಲ್ಲ, ಇಂಥ ಊರುಗಳಿಂದಲೇ ಬರಬೇಕು.

ಎಷ್ಟು ಮತ್ತು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹಿರಿಯರಿಗೆ ನೀಡಿದ ಸೂಚನೆ ಸರಳವಾಗಿದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಶ್ರಮ, ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ಮಧ್ಯಮ ಗತಿ ಎಂದರೇನು? ಜೊತೆಗಾರರೊಡನೆ ಮಾತನಾಡಲು ಬರಬೇಕು. ದೇವರನಾಮ ಹಾಡಲು ಉಸಿರು ಸಾಲಬಾರದು. ಇದಕ್ಕೆ ಯಂತ್ರ ಬೇಡ, ಗಡಿಯಾರ ಬೇಡ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತನ್ನು ಕೇಳಿ ಹಲವರು ಮೊದಲೇ ಸೋತುಬಿಡುತ್ತಾರೆ. ಬ್ರಿಟನ್ನಿನ 78 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 3,800 ಹೆಜ್ಜೆ ನಡೆಯುವವರಲ್ಲಿಯೇ ಮರೆಗುಳಿತನದ ಸಂಭವ ನೂರಕ್ಕೆ 25ರಷ್ಟು ಕಡಿಮೆಯಿತ್ತು. 9,800 ಹೆಜ್ಜೆಗಳವರೆಗೆ ಲಾಭ ಏರುತ್ತ ಹೋಯಿತು. ನಡೆಯುವ ಶಕ್ತಿಯಿದ್ದವರೇ ಆರೋಗ್ಯವಂತರಾಗಿರುವ ಸಂಭವವೂ ಇರುವುದರಿಂದ ಇದನ್ನು ನೇರವಾದ ಕಾರ್ಯಕಾರಣವೆಂದು ಹೇಳಲಾಗದು. ಆದರೂ ಸ್ವಲ್ಪವೂ ಸೊನ್ನೆಗಿಂತ ಮೇಲು ಎಂಬ ಧೈರ್ಯ ತಂದುಕೊಳ್ಳಬಹುದು.

ಬಲವರ್ಧನೆಗೆ ಮನೆಯ ಕುರ್ಚಿಯೇ ಸಾಕು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದನ್ನು ಹತ್ತು ಬಾರಿ ಮಾಡಬೇಕು. ಗೋಡೆಗೆ ಅಂಗೈಗಳನ್ನು ಊರಿ ದೇಹವನ್ನು ಹಿಂದೆ ಮುಂದೆ ತಳ್ಳುವುದು ತೋಳುಗಳಿಗೆ, ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು ಮೀನಖಂಡಕ್ಕೆ, ಅದನ್ನೇ ಹಿಡಿದು ಒಂಟಿಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು ಸಮತೋಲನಕ್ಕೆ ಒಳ್ಳೆಯದು. ನೆಲದ ಮೇಲೆ ಕುಳಿತು ಊಟ ಮಾಡಿ ಆಸರೆಯಿಲ್ಲದೆ ಏಳುವುದು, ನಮಸ್ಕಾರ ಮಾಡಿ ಏಳುವುದು ನಮ್ಮ ಹಿರಿಯರಿಗೆ ಅರಿವಿಲ್ಲದೆ ದೊರೆಯುತ್ತಿದ್ದ ವ್ಯಾಯಾಮಗಳು. ಮೊಣಕಾಲು ಸಹಕರಿಸುವವರೆಗೆ ಅವುಗಳನ್ನು ಬಿಡಬಾರದು.

ವಾಳೂಜಿನ ಬಿಸಿಲನ್ನು ನಾನು ಬಣ್ಣಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವಾಗ ಎಂಟು ಗಂಟೆಯೊಳಗೆ ನಡಿಗೆ ಮುಗಿಯಬೇಕು. ಔದ್ಯೋಗಿಕ ರಸ್ತೆಗಳಲ್ಲಿ ಲಾರಿಗಳ ಸಂಚಾರ ಬಹಳವಾದುದರಿಂದ ಉದ್ಯಾನಗಳು, ವಸತಿಯ ಒಳರಸ್ತೆಗಳು, ದೇವಾಲಯದ ಪ್ರಾಕಾರ ಸುರಕ್ಷಿತ. ಆಷಾಢ ಏಕಾದಶಿಯಂದು ನಗರದಿಂದ ಇಲ್ಲಿಯ ಛೋಟಾ ಪಂಢರಪುರಕ್ಕೆ ಭಕ್ತರು ನಡೆದು ಬರುವುದನ್ನು ತಾವು ಕಂಡಿದ್ದೀರಿ. ಆ ಉತ್ಸಾಹಕ್ಕೆ ನಮಸ್ಕಾರ. ಆದರೆ ವರ್ಷದಲ್ಲಿ ಒಂದು ದಿನ ಬಹಳ ನಡೆದು ಉಳಿದ ದಿನ ಕುಳಿತರೆ ಕಾಲುನೋವು ಬರುತ್ತದೆಯೇ ಹೊರತು ಸಕ್ಕರೆ ಇಳಿಯುವುದಿಲ್ಲ. ದಿನವೂ ಅರ್ಧ ಗಂಟೆಯ ನಡಿಗೆಗೆ ಇರುವ ಫಲ ಬೇರೆಯೇ.

ಪಾಲಿಸಬೇಕಾದ ಎಚ್ಚರಿಕೆಗಳು

ನಡೆಯುವಾಗ ಎದೆಯಲ್ಲಿ ಹಿಡಿತ, ಉಸಿರುಗಟ್ಟುವಿಕೆ, ತಲೆಸುತ್ತು ಕಂಡುಬಂದರೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಹುಕಾಲದ ಮಧುಮೇಹಿಗಳು ಹೊಸದಾಗಿ ವ್ಯಾಯಾಮ ಆರಂಭಿಸುವ ಮುನ್ನ ಹೃದಯ, ಕಣ್ಣು, ಪಾದ ಈ ಮೂರನ್ನೂ ತೋರಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ಸೇವಿಸುವವರಿಗೆ ನಡಿಗೆಯ ವೇಳೆ ಸಕ್ಕರೆ ಕುಸಿಯಬಹುದು. ಹೊರಡುವ ಮೊದಲು ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಏನಾದರೂ ಸ್ವಲ್ಪ ತಿಂದು ಹೊರಡಬೇಕು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಬೇಕು.

ಪ್ರದಕ್ಷಿಣೆಯ ವಿಷಯದಲ್ಲಿಯೂ ಒಂದು ಮಾತು. ಪ್ರದಕ್ಷಿಣೆ ಒಳ್ಳೆಯ ನಡಿಗೆಯೇ ಹೌದು. ಆದರೆ ಪಾದಗಳ ಸ್ಪರ್ಶಜ್ಞಾನ ಕಳೆದುಕೊಂಡ ಮಧುಮೇಹಿಗಳಿಗೆ ಬಿಸಿಲಿಗೆ ಕಾದ ಕಲ್ಲು ಸುಟ್ಟುದೂ ತಿಳಿಯದು. ಬೊಬ್ಬೆಯೆದ್ದು ಹುಣ್ಣಾದ ಮೇಲೆ ಅರಿವಾಗುತ್ತದೆ. ಅಂಥವರು ನೆಲ ತಣ್ಣಗಿರುವ ಹೊತ್ತಿನಲ್ಲಿ ಪ್ರದಕ್ಷಿಣೆ ಮಾಡಿ, ಮನೆಗೆ ಬಂದು ಅಂಗಾಲನ್ನು ನೋಡಿಕೊಳ್ಳುವುದು ಕ್ಷೇಮ. ಸಾಷ್ಟಾಂಗ ನಮಸ್ಕಾರದಿಂದ ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ಬೀಳುವವರೂ ಇದ್ದಾರೆ. ನಿಧಾನವಾಗಿ, ಆಸರೆ ಹಿಡಿದು ಏಳಬೇಕು.

ಉಪವಾಸದ ಕುರಿತು ಮಾತನಾಡದೆ ಈ ಸಭೆಯಲ್ಲಿ ಈ ವಿಷಯ ಪೂರ್ಣವಾಗದು. ಏಕಾದಶಿಯ ನಿರಾಹಾರದ ದಿನ ಎಂದಿನಂತೆ ಸಕ್ಕರೆಯ ಮಾತ್ರೆ ನುಂಗಿ, ಬೆಳಿಗ್ಗೆ ಎಂದಿನಂತೆ ನಡೆದರೆ ಅದು ನೇರವಾಗಿ ಅಪಾಯವನ್ನು ಕರೆದಂತೆ. ಯಾವ ಮಾತ್ರೆ ಬಿಡಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು; ಆ ದಿನ ನಡಿಗೆಗೆ ವಿರಾಮ ಕೊಡಬೇಕು. ರೋಗಿಗಳಿಗೂ ಅತಿವೃದ್ಧರಿಗೂ ಉಪವಾಸದಲ್ಲಿ ಎಷ್ಟು ರಿಯಾಯಿತಿ ಉಂಟೆಂಬುದನ್ನು ಧರ್ಮಶಾಸ್ತ್ರ ಬಲ್ಲವರಲ್ಲಿ ಕೇಳಿ ತಿಳಿಯಬೇಕು. ಆ ನಿರ್ಣಯ ನನ್ನದಲ್ಲ. ವೈದ್ಯರಿಗೆ ಉಪವಾಸವನ್ನೂ, ಹಿರಿಯರಿಗೆ ಮಾತ್ರೆಯನ್ನೂ ಮುಚ್ಚಿಡಬಾರದೆಂಬುದಷ್ಟೇ ನನ್ನ ವಿನಂತಿ. ಇನ್ನು ಈ ಪ್ರಾಂತದಲ್ಲಿ ಉಪವಾಸದ ಹೆಸರಿನಲ್ಲಿ ತಟ್ಟೆ ತುಂಬುವ ಸಾಬೂದಾಣೆಯ ಖಿಚಡಿ ಬಹುಪಾಲು ಪಿಷ್ಟವೇ ಆಗಿದ್ದು, ಮಧುಮೇಹಿಗೆ ಅದು ಅನ್ನಕ್ಕಿಂತ ಹಗುರವಲ್ಲ.

ಸಕ್ಕರೆಯನ್ನು ಬಹಳ ಕೆಳಗಿಳಿಸಿದರೆ ನೆನಪು ಹೆಚ್ಚು ಉಳಿಯುತ್ತದೆ ಎಂಬುದೂ ನಿಜವಲ್ಲ. ‘ಅಕಾರ್ಡ್’ ಪ್ರಯೋಗದ ಭಾಗವಾಗಿ ನಡೆದು 2011ರಲ್ಲಿ ವರದಿಯಾದ ಅಧ್ಯಯನದಲ್ಲಿ ಅತಿ ಬಿಗಿಯಾದ ಸಕ್ಕರೆಯ ನಿಯಂತ್ರಣದಿಂದ ಗ್ರಹಣಶಕ್ತಿಗೆ ಲಾಭ ಕಾಣಲಿಲ್ಲ. ಆದ್ದರಿಂದ ಹಿರಿಯರ ಗುರಿ ಅವರವರ ದೇಹಸ್ಥಿತಿಗೆ ತಕ್ಕಂತೆ ಸಡಿಲವಾಗಿರುವುದೇ ಉಚಿತ. ರಕ್ತದೊತ್ತಡದ ಮಾತು ಬೇರೆ. ಮಧುಮೇಹವಿಲ್ಲದ ಜನರ ಮೇಲೆ ನಡೆದ ‘ಸ್ಪ್ರಿಂಟ್’ ಪ್ರಯೋಗದಲ್ಲಿ ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗೆ ಇಳಿಸುವ ಗುರಿಯಿದ್ದವರಲ್ಲಿ ಮರೆವಿನ ಆರಂಭಿಕ ಹಂತ ನೂರಕ್ಕೆ ಸುಮಾರು 19ರಷ್ಟು ಕಡಿಮೆಯಾಯಿತೆಂದು 2019ರಲ್ಲಿ ತಿಳಿದುಬಂದಿತು.

ಗುಣವಾಗುವ ಮರೆವು

ಎಲ್ಲ ಮರೆವೂ ಮೆದುಳಿನ ಸವೆತದಿಂದ ಬಂದುದಲ್ಲ. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅದು ಇನ್ನೂ ಹೆಚ್ಚುತ್ತದೆ. ಕಾಲುಜೋಮು, ನಡಿಗೆಯಲ್ಲಿ ಓಲಾಟ, ಮರೆವು ಈ ಮೂರೂ ಕೂಡಿದರೆ ಮೊದಲು ಈ ಪರೀಕ್ಷೆ ಮಾಡಿಸಬೇಕು. ಕಾಲ ಮೀರುವ ಮುನ್ನ ಕಂಡುಕೊಂಡರೆ ಕಡಿಮೆ ಬೆಲೆಯ ಔಷಧದಿಂದ ಸರಿಹೋಗುತ್ತದೆ. ಥೈರಾಯ್ಡ್ ಗ್ರಂಥಿಯ ಮಂದತೆ, ಖಿನ್ನತೆ, ನಿದ್ರೆಮಾತ್ರೆಗಳ ಅತಿಬಳಕೆ ಇವೂ ಮರೆವಿನ ವೇಷ ಧರಿಸುತ್ತವೆ.

ಕಿವಿಯನ್ನು ಮರೆಯಬಾರದು. ಒತ್ತುಯಂತ್ರಗಳ ಗದ್ದಲದಲ್ಲಿ ದಶಕಗಳನ್ನು ಕಳೆದವರಿಗೆ ಕಿವಿ ಮಂದವಾಗಿರುವುದು ಆಶ್ಚರ್ಯವಲ್ಲ. ಕೇಳಿಸದಿದ್ದುದು ನೆನಪಿನಲ್ಲಿ ಉಳಿಯುವುದೆಂತು? ಮನೆಯವರು ಅದನ್ನು ಅರಳುಮರಳೆಂದು ಕರೆಯುತ್ತಾರೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞಮಂಡಳಿ ಮರೆಗುಳಿತನಕ್ಕೆ ಕಾರಣವಾಗುವ, ನಾವು ಬದಲಿಸಬಹುದಾದ ಹದಿನಾಲ್ಕು ಅಂಶಗಳನ್ನು ಪಟ್ಟಿಮಾಡಿತು. ಮಧುಮೇಹ, ರಕ್ತದೊತ್ತಡ, ಬೊಜ್ಜು, ಕೆಟ್ಟ ಕೊಲೆಸ್ಟರಾಲ್, ದೇಹಶ್ರಮದ ಅಭಾವ ಇವುಗಳ ಜೊತೆಗೆ ಕಿವುಡುತನ, ದೃಷ್ಟಿಮಾಂದ್ಯ, ಏಕಾಂಗಿತನಗಳೂ ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಲೋಕದ ಮರೆಗುಳಿತನದ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಆ ಮಂಡಳಿ ಅಂದಾಜು ಮಾಡಿತು. ಉಳಿದ 55ರಷ್ಟು ನಮ್ಮ ಕೈಯಲ್ಲಿಲ್ಲ ಎಂಬುದನ್ನೂ ಒಪ್ಪಬೇಕು. ದಿನವೂ ನಡೆದವರಿಗೂ ಈ ಕಾಯಿಲೆ ಬರಬಹುದು. ಬಂದರೆ ಅದು ಅವರ ಆಲಸ್ಯದ ಫಲವಲ್ಲ, ಮನೆಯವರು ನಾಚಬೇಕಾದ ಸಂಗತಿಯೂ ಅಲ್ಲ.

ಭಾಷೆಯ ಮಾತು

ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವ ಅಂಶವೊಂದಿದೆ. ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಹಿಂದಿ ಆಡಿ ಬಾಳಿದವರು. ಇದೊಂದು ಸಂಪತ್ತು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಮರೆಗುಳಿತನ ಒಂದೇ ಭಾಷೆ ಬಲ್ಲವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು.

ಆದರೆ ಕಾಯಿಲೆ ಬಂದಾಗ ನಂತರ ಕಲಿತ ಭಾಷೆಗಳು ಮೊದಲು ಸಡಿಲವಾಗುವುದುಂಟು. ಆಸ್ಪತ್ರೆಯಲ್ಲಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಿದ ಪ್ರಶ್ನೆಗೆ ಉತ್ತರಿಸಲಾಗದ ಹಿರಿಯರು ಕನ್ನಡದಲ್ಲಿ ಕೇಳಿದರೆ ಸರಿಯಾಗಿ ಉತ್ತರಿಸಿಯಾರು. ಪರೀಕ್ಷೆಯ ಹೊತ್ತಿನಲ್ಲಿ ಕನ್ನಡ ಬಲ್ಲ ಬಂಧುಗಳೊಬ್ಬರು ಜೊತೆಗಿರಬೇಕು. ಉತ್ತರವನ್ನು ಹೇಳಿಕೊಡುವುದಕ್ಕಲ್ಲ, ಪ್ರಶ್ನೆಯನ್ನು ತಲುಪಿಸುವುದಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳ ಸಂಪುಟ ಕನ್ನಡದಲ್ಲಿಯೂ ಇದೆ. ವೈದ್ಯರನ್ನು ಕೇಳಲು ಸಂಕೋಚ ಬೇಡ.

ನಾವು ಮಾಡಬಹುದಾದದ್ದು

ಉಪದೇಶ ಸುಲಭ, ಆಚರಣೆ ಕಷ್ಟ. ಆದ್ದರಿಂದ ನಾಲ್ಕು ಸಣ್ಣ ಕಾರ್ಯಗಳನ್ನು ಸೂಚಿಸಿ ಮುಗಿಸುತ್ತೇನೆ. ಮೊದಲನೆಯದು, ಮುಂಜಾನೆಯ ನಡಿಗೆಗೆ ಇಬ್ಬಿಬ್ಬರ ಜೋಡಿ. ಒಬ್ಬರು ಬಾರದಿದ್ದರೆ ಇನ್ನೊಬ್ಬರು ಅವರ ಬಾಗಿಲು ತಟ್ಟಬೇಕು. ಒಬ್ಬಂಟಿ ಹಿರಿಯರಿಗೆ ಆ ಬಾಗಿಲು ತಟ್ಟುವ ಸದ್ದೇ ಅರ್ಧ ಔಷಧ. ಎರಡನೆಯದು, ತಿಂಗಳಿಗೊಮ್ಮೆ ಸೇರಿದಾಗ ಒಂದು ಟೇಪು, ಒಂದು ರಕ್ತದೊತ್ತಡದ ಯಂತ್ರ ಇಟ್ಟು ಸೊಂಟದಳತೆ, ಒತ್ತಡಗಳನ್ನು ಪುಸ್ತಕದಲ್ಲಿ ಬರೆಯುವುದು. ಮೂರನೆಯದು, ವಾರದ ಏಳು ದಿನಗಳ ಅಂಕಣಗಳುಳ್ಳ ಮಾತ್ರೆಯ ಡಬ್ಬಿ ಪ್ರತಿ ಹಿರಿಯರ ಮನೆಯಲ್ಲಿ. ಅದನ್ನು ತುಂಬುವ ಹೊಣೆ ಕಿರಿಯರದು. ನಾಲ್ಕನೆಯದು, ಹೊಸದನ್ನು ಕಲಿಯುವ ಕೂಟ. ಗೊತ್ತಿರುವುದನ್ನೇ ಮತ್ತೆ ಹೇಳುವುದು ಮನಸ್ಸಿಗೆ ಶಾಂತಿ ಕೊಡುತ್ತದೆ, ಹೊಸ ಪದ್ಯವನ್ನೋ ಶ್ಲೋಕವನ್ನೋ ಕಂಠಪಾಠ ಮಾಡುವುದು ಮೆದುಳಿಗೆ ಶ್ರಮ ಕೊಡುತ್ತದೆ. ಎರಡೂ ಬೇಕು. ನೆರವು ಬೇಕಾದ ಹಿರಿಯರಿಗೆ ಕೇಂದ್ರ ಸರಕಾರದ 14567 ಎಂಬ ದೂರವಾಣಿ ಸಂಖ್ಯೆಯೂ ಇದೆಯೆಂಬುದನ್ನು ಗಮನದಲ್ಲಿಡಬೇಕು.

ಕಿರಿಯರಿಗೆ ಕೊನೆಯ ಒಂದು ಮಾತು. ತಂದೆತಾಯಿಗಳು ಒಂದೇ ಪ್ರಶ್ನೆಯನ್ನು ನಾಲ್ಕು ಬಾರಿ ಕೇಳಿದರೆ ಗದರಬೇಡಿ, ಗಾದೆ ಹೇಳಿ ನಗಲೂ ಬೇಡಿ. ನಾಲ್ಕನೆಯ ಬಾರಿಯೂ ಉತ್ತರ ಕೊಟ್ಟು, ಆ ವಾರದೊಳಗೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ನಾಳೆಯಿಂದಲೇ ಅವರ ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆಯಿರಿ. ನಿಮ್ಮನ್ನು ನಡೆಯಲು ಕಲಿಸಿದವರು ಅವರೇ.



॥ ಶ್ರೀಕೃಷ್ಣಾರ್ಪಣಮಸ್ತು ॥